ಬಾಯಿ ಹಾಡುತ್ತಿತ್ತು, ಮನಸ್ಸು ಇರಲಿಲ್ಲ: ಮತ್ತೆ ಪ್ರಾರ್ಥಿಸಲು ಕಲಿತ ನಾಲ್ಕು ತಿಂಗಳು

2024ರ ಡಿಸೆಂಬರ್ 25, ಬೆಳಗಿನ ಆರಾಧನೆ. ಹುಬ್ಬಳ್ಳಿಯ ನಮ್ಮ ಸಭೆಯ, ಅಂದರೆ ಚರ್ಚಿನ, ಕ್ವಾಯರ್‌ನಲ್ಲಿ ಎರಡನೇ ಸಾಲಿನಲ್ಲಿ ನಿಂತು ಹಾಡುತ್ತಿದ್ದೆ. ಮೂರನೇ ಚರಣಕ್ಕೆ ಬರುವ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. ನಾನು ಹಾಡಿನ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ. ಮಧ್ಯಾಹ್ನ ಮನೆಗೆ ಬರುವ ಹದಿನೈದು ಜನಕ್ಕೆ ಅನ್ನ ಸಾಕಾಗುತ್ತದಾ ಅಂತ ಲೆಕ್ಕ ಹಾಕುತ್ತಿದ್ದೆ. ಹಾಡು ಮುಗಿಯಿತು. ಒಂದು ಸ್ವರವೂ ತಪ್ಪಿರಲಿಲ್ಲ. ಮುಂದಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಕಣ್ಣು ಮುಚ್ಚಿಕೊಂಡು ಅಳುತ್ತಿದ್ದರು. ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನನಗೂ ಒಂದು ಕಾಲದಲ್ಲಿ ಹಾಗೆ ಆಗುತ್ತಿತ್ತು.

ಅವತ್ತು ಮನೆಗೆ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಕೊನೆಯ ಸಲ ಯೇಸು ಸ್ವಾಮಿಯ ಹೆಸರು ಹೇಳುವಾಗ ಎದೆ ತುಂಬಿ ಬಂದಿದ್ದು ಯಾವಾಗ? ಉತ್ತರ ಸಿಗಲಿಲ್ಲ. ಎರಡು ವರ್ಷ, ಮೂರು ವರ್ಷ, ಅದಕ್ಕಿಂತ ಜಾಸ್ತಿಯೂ ಇರಬಹುದು. ಆರಾಧನೆ ತಪ್ಪಿಸಿರಲಿಲ್ಲ. ಊಟದ ಮುಂಚೆ ಪ್ರಾರ್ಥನೆ ಬಿಟ್ಟಿರಲಿಲ್ಲ. ಆದರೆ ಎಲ್ಲವೂ ಹಲ್ಲುಜ್ಜಿದ ಹಾಗೆ ನಡೆಯುತ್ತಿತ್ತು.

ನಮ್ಮದು ಗದಗ-ಬೆಟಗೇರಿ ಕಡೆಯ ಮನೆತನ. 1834ರಲ್ಲಿ ಮಂಗಳೂರಿಗೆ ಬಂದಿಳಿದ, ಕ್ರೈಸ್ತ ಧರ್ಮ ಸಾರುವ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿವರೆಗೂ ಬಂದರು. ಅವರ ಶಾಲೆಯಲ್ಲಿ ಓದಿದ, ಅವರ ಹಾಡು ಹಾಡಿದ ಕುಟುಂಬದ ಐದನೇ ತಲೆಮಾರು ನಾನು. ಹಾಡಿನ ಪುಸ್ತಕ ನೋಡದೆ ಹಾಡಬಲ್ಲೆ. ಸತ್ಯವೇದದ, ಅಂದರೆ ಬೈಬಲಿನ, ಅರ್ಧ ವಾಕ್ಯ ಹೇಳಿದರೆ ಉಳಿದರ್ಧ ನಾನು ಹೇಳುತ್ತೇನೆ. ಹೀಗೆ ಬೆಳೆದವರಿಗೆ ಮನಸ್ಸು ಒಣಗಿದ್ದು ಬೇಗ ಗೊತ್ತಾಗುವುದಿಲ್ಲ. ಬಾಯಿ ತನ್ನ ಕೆಲಸ ತಾನು ಮಾಡಿಕೊಂಡು ಹೋಗುತ್ತದೆ. ನಿಮ್ಮದೂ ಇದೇ ಕಥೆಯಾಗಿದ್ದರೆ, ನಾನು ಹೋದ ದಾರಿ ನಿಮಗೆ ಸ್ವಲ್ಪ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಒಂದು ದೊಡ್ಡ ಉಜ್ಜೀವನ ಕೂಟಕ್ಕೆ ಹೋದೆ. ಮೂರು ರಾತ್ರಿ. ಪೆಂಡಾಲು, ದೊಡ್ಡ ಸ್ಪೀಕರ್, ಡ್ರಮ್. ಎರಡನೇ ರಾತ್ರಿ ನಾನೂ ಅತ್ತೆ. ಬಿಟ್ಟುಹೋಗಿದ್ದು ಸಿಕ್ಕಿತು ಅಂತಲೇ ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಕೂತರೆ ಮತ್ತೆ ಅದೇ ಗೋಡೆ. ಆ ಕೂಟದಿಂದ ಎಷ್ಟೋ ಜನಕ್ಕೆ ಒಳ್ಳೆಯದಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ರೋಗಕ್ಕೆ ಆ ಔಷಧ ಆಗಿರಲಿಲ್ಲ, ಅಷ್ಟೇ.

ಅಲ್ಲಿ ಪ್ರಾರ್ಥನೆ ಮಾಡಿಸಿಕೊಳ್ಳಲು ಮುಂದೆ ಹೋದಾಗ ಒಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, "ನಿಮ್ಮಲ್ಲಿ ಗುಪ್ತ ಪಾಪ ಇದೆ, ಅದಕ್ಕೇ ದೇವರು ದೂರ ಹೋಗಿದ್ದಾರೆ" ಅಂದರು. ನನ್ನ ಹೆಸರನ್ನೂ ಕೇಳಿರಲಿಲ್ಲ. ಹೊರಗೆ ಇನ್ನೊಬ್ಬರು, ಐದು ಸಾವಿರ ಕಾಣಿಕೆ ಬಿತ್ತಿದರೆ ಬಾಗಿಲು ತೆರೆಯುತ್ತದೆ ಅಂದರು. ಎರಡು ವಾರ ಆ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಇದೊಂದನ್ನು ಖಂಡಿತ ಹೇಳುತ್ತೇನೆ: ಮನಸ್ಸು ಸೋತಿರುವಾಗ ದುಡ್ಡು ಕೇಳುವವರಿಂದ ದೂರ ಇರಿ. ನಿಮ್ಮನ್ನು ಗೊತ್ತಿಲ್ಲದವರು ನಿಮ್ಮ ಬಗ್ಗೆ ಕೊಡುವ ತೀರ್ಪನ್ನು ಮನೆಗೆ ಹೊತ್ತುಕೊಂಡು ಬರಬೇಡಿ.

ಇದೇ ಹೊತ್ತಿಗೆ ನನ್ನ ಗಂಡ ಒಂದು ಮಾತು ಹೇಳಿದರು. "ನೀನು ಪ್ರಾರ್ಥನೆಯಲ್ಲಿ ಅಷ್ಟೇ ಅಲ್ಲ, ಎಲ್ಲದರಲ್ಲೂ ಸುಸ್ತಾಗಿದೀ. ಮೊದಲು ಡಾಕ್ಟರ್ ಹತ್ತಿರ ಹೋಗು." ರಕ್ತ ಪರೀಕ್ಷೆಗೆ 1,150 ರೂಪಾಯಿ ಆಯಿತು. ಹಿಮೋಗ್ಲೋಬಿನ್ ಕಡಿಮೆ, ಬಿ12 ಕೂಡ ಕಡಿಮೆ. ಡಾಕ್ಟರ್ ನಿದ್ದೆಯ ಬಗ್ಗೆ, ಅಳುವಿನ ಬಗ್ಗೆಯೂ ಕೇಳಿದರು. ಖಿನ್ನತೆ ಅಲ್ಲ ಅಂತ ಖಾತ್ರಿ ಮಾಡಿಕೊಂಡು ಮಾತ್ರೆ ಕೊಟ್ಟರು. ಸತ್ಯವೇದದಲ್ಲಿ ಎಲೀಯ ಪ್ರವಾದಿ ಜಾಲಿಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದಾಗ ದೇವರು ಮೊದಲು ಕೊಟ್ಟಿದ್ದು ಉಪದೇಶ ಅಲ್ಲ. ರೊಟ್ಟಿ, ನೀರು, ನಿದ್ದೆ. ಆ ಕಥೆ ಚಿಕ್ಕಂದಿನಿಂದ ಗೊತ್ತಿತ್ತು. ಅದು ನನಗೂ ಅನ್ವಯಿಸುತ್ತದೆ ಅಂತ ಗೊತ್ತಿರಲಿಲ್ಲ. ನೀವೂ ಮೊದಲು ದೇಹವನ್ನು ತೋರಿಸಿಕೊಳ್ಳಿ. ಇದರಲ್ಲಿ ನಂಬಿಕೆಯ ಕೊರತೆ ಏನೂ ಇಲ್ಲ.

ಆಮೇಲೆ ನಮ್ಮ ಅಯ್ನೋರನ್ನು, ಅಂದರೆ ಸಭಾಪಾಲಕರನ್ನು, ನೋಡಲು ಹೋದೆ. ಅವರು ನೋಡಿಕೊಳ್ಳುವುದು ಮೂರು ಸಭೆ. ಮೂರು ವಾರ ಕಾದೆ. ಒಂದು ಸಲ ಮದುವೆ, ಒಂದು ಸಲ ಯಾರದ್ದೋ ಮಣ್ಣು, ಇನ್ನೊಂದು ಸಲ ಕಮಿಟಿ ಮೀಟಿಂಗ್. ಕೊನೆಗೆ ಫೆಬ್ರವರಿ ಮೂರನೇ ವಾರ ಒಂದು ಸಂಜೆ ಸಿಕ್ಕರು. ನಾನು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದರು. ಅದರಿಂದಲೇ ಅರ್ಧ ಭಾರ ಇಳಿಯಿತು.

"ಯಾಜಕಕಾಂಡ ಆರನೇ ಅಧ್ಯಾಯ ತೆಗೀರಿ ಅಕ್ಕಾರ. ಎಂಟನೇ ವಚನದಿಂದ ಓದ್ರಿ" ಅಂದರು. ಓದಿದೆ. ಯಜ್ಞವೇದಿಯ ಮೇಲಿನ ಬೆಂಕಿ ಆರಬಾರದು, ಯಾಜಕನು ಪ್ರತಿದಿನ ಬೆಳಿಗ್ಗೆ ಕಟ್ಟಿಗೆ ಹಾಕಬೇಕು ಅನ್ನುವ ಭಾಗ. ಎಷ್ಟೋ ಪ್ರಸಂಗದಲ್ಲಿ ಕೇಳಿದ್ದೆ. "ಕಟ್ಟಿಗೆ ಹಾಕೋದಕ್ಕಿಂತ ಮೊದಲ ಏನ್ ಮಾಡ್ತಾನ ನೋಡ್ರಿ" ಅಂದರು. ನೋಡಿದೆ. ನಾರಿನ ಬಟ್ಟೆ ಹಾಕಿಕೊಂಡು ಬೂದಿ ತೆಗೆಯುತ್ತಾನೆ. ಆಮೇಲೆ ಬಟ್ಟೆ ಬದಲಿಸಿ, ಆ ಬೂದಿಯನ್ನು ಪಾಳೆಯದ ಹೊರಗೆ ಒಯ್ಯುತ್ತಾನೆ.

ನನಗೆ ಬೆಟಗೇರಿಯ ಅಜ್ಜಿಯ ಅಡುಗೆಮನೆ ಕಣ್ಣ ಮುಂದೆ ಬಂತು. ನಸುಕಿನಲ್ಲಿ ಎದ್ದು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ತಗಡಿನ ತುಂಡಿನಿಂದ ನಿನ್ನೆಯ ಬೂದಿ ಗೋರಿ ಗೋರಿ ಬುಟ್ಟಿಗೆ ತುಂಬುತ್ತಿದ್ದಳು. ಬೂದಿ ತುಂಬಿದ ಒಲೆಗೆ ಗಾಳಿ ಹೋಗಲ್ಲ, ಎಷ್ಟು ಊದಿದರೂ ಬರೀ ಹೊಗೆ. ನಾನು ತಿಂಗಳುಗಟ್ಟಲೆ ಊದುತ್ತಿದ್ದೆ. ಬೂದಿ ಯಾವುದು ಅಂತ ಆ ದಿನ ಅಯ್ನೋರು ಕೇಳಲಿಲ್ಲ. ನನಗೆ ಗೊತ್ತಿತ್ತು. ನಾನೂ ಹೇಳಲಿಲ್ಲ.

ಅವರು ಎರಡು ಕೆಲಸ ಹೇಳಿದರು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಲೆಂಟ್ ಕಾಲದ ನಲವತ್ತು ದಿನ ದಿನಕ್ಕೊಂದು ಕೀರ್ತನೆ, ಅಂದರೆ ಸತ್ಯವೇದದ ಒಂದು ಪ್ರಾರ್ಥನಾಗೀತೆ, ಬಾಯಿಬಿಟ್ಟು ಓದಬೇಕು. ಸಾಧ್ಯವಾದರೆ ಒಂದು ಮೌನ ಧ್ಯಾನಕೂಟಕ್ಕೆ ಹೋಗಬೇಕು. ಬೆಂಗಳೂರಿನ ಹತ್ತಿರ ಕ್ಯಾಥೊಲಿಕರು ನಡೆಸುವ ಒಂದು ಧ್ಯಾನಕೇಂದ್ರದ ನಂಬರ್ ಕೊಟ್ಟರು.

ಧ್ಯಾನಕೇಂದ್ರಕ್ಕೆ ಬೇಕಾದ ಕಾಗದ ಜಾಸ್ತಿ ಇರಲಿಲ್ಲ. ಒಂದು ಅರ್ಜಿ, ಆಧಾರ್ ಪ್ರತಿ, ತೆಗೆದುಕೊಳ್ಳುವ ಮಾತ್ರೆಗಳ ವಿವರ, ಸಭಾಪಾಲಕರ ಪತ್ರ. ಆ ಪತ್ರದಲ್ಲೇ ಸಿಕ್ಕಿಕೊಂಡೆ. ಪತ್ರಕ್ಕೆ ಸಭೆಯ ಸೀಲು ಬೇಕು, ಸೀಲು ಬೇಕಂದರೆ ಚಂದಾ ಬಾಕಿ ಇರಬಾರದು. ರಿಜಿಸ್ಟರ್ ತೆಗೆದರೆ ನನ್ನ ಹೆಸರಿನ ಮುಂದೆ ಹದಿನಾಲ್ಕು ತಿಂಗಳ ಜಾಗ ಖಾಲಿ. ತಿಂಗಳಿಗೆ ನೂರರಂತೆ 1,400 ರೂಪಾಯಿ. ದುಡ್ಡಿಗೆ ಕೊರತೆ ಇರಲಿಲ್ಲ, ಕೊಡಬೇಕು ಅನ್ನುವ ನೆನಪೇ ಹೋಗಿತ್ತು. ಆ ಖಾಲಿ ಚೌಕಗಳನ್ನು ಒಂದೊಂದಾಗಿ ನೋಡಿದೆ. ನನ್ನ ಮನಸ್ಸು ಯಾವ ತಿಂಗಳಿಂದ ಇಲ್ಲಿಂದ ಎದ್ದುಹೋಯಿತು ಅಂತ ಅಲ್ಲಿ ಬರೆದಿಟ್ಟ ಹಾಗಿತ್ತು. ಇಂಥ ಪತ್ರ ಬೇಕಾದವರು ಮೊದಲೇ ಚಂದಾ ನೋಡಿಕೊಳ್ಳಿ. ನನಗೆ ಇದರಿಂದ ಒಂದು ವಾರ ತಡವಾಯಿತು.

2025ರ ಮಾರ್ಚ್ 5 ಬೂದಿ ಬುಧವಾರ, ಲೆಂಟ್ ಶುರುವಾಗುವ ದಿನ. ಮರುದಿನ ಬೆಳಿಗ್ಗೆ ಐದಕ್ಕೆ ಎದ್ದೆ. ಅದರ ಮರುದಿನವೂ ಎದ್ದೆ. ಮೂರನೇ ದಿನ ಮಂಡಿಯೂರಿದ ಕಡೆಯೇ ನಿದ್ದೆ ಹೋದೆ. ನಾಲ್ಕನೇ ದಿನ ಏಳಲೇ ಇಲ್ಲ. ಹಿಂದೆ ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಈ ಸಲ ಹೊತ್ತು ಬದಲಿಸಿದೆ. ಐದು ಗಂಟೆ ಬಿಟ್ಟು, ಮಕ್ಕಳು ಕಾಲೇಜಿಗೆ ಹೋದ ಮೇಲೆ ಎಂಟೂಕಾಲಕ್ಕೆ, ಅಡುಗೆಮನೆಯ ಸ್ಟೂಲ್ ಮೇಲೆ. ಇಪ್ಪತ್ತು ನಿಮಿಷ. ಇದು ನಿಂತಿತು.

ಮೊದಲ ಎರಡು ವಾರ ಏನೂ ಅನಿಸಲಿಲ್ಲ. ನಿಜ ಹೇಳಬೇಕು ಅಲ್ವಾ. ಕೀರ್ತನೆ ಓದುತ್ತಿದ್ದೆ, ಮುಚ್ಚುತ್ತಿದ್ದೆ. ಆದರೆ ಬಾಯಿಬಿಟ್ಟು ಓದುವುದರಲ್ಲಿ ಒಂದು ಗುಣ ಇದೆ. ಕೀರ್ತನೆ ಬರೆದ ದಾವೀದನ ದೂರುಗಳು ನನ್ನ ಬಾಯಲ್ಲೇ ಕೇಳಿಸತೊಡಗಿದವು. ಎಷ್ಟರವರೆಗೆ ಕರ್ತನೇ, ಯಾಕೆ ಮುಖ ಮರೆಮಾಡಿಕೊಂಡಿದ್ದೀ ಅಂತ ದೇವರನ್ನೇ ಕೇಳುವ ಮಾತುಗಳು. 88ನೇ ಕೀರ್ತನೆ ಓದಿದ ದಿನ ಬೆಚ್ಚಿಬಿದ್ದೆ. ಬೇರೆ ದೂರಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತದೆ. ಅಂಥದ್ದೂ ಸತ್ಯವೇದದಲ್ಲಿ ಇದೆ. ಅಂದರೆ ಏನೂ ಅನಿಸದಿದ್ದಾಗ ಏನೂ ಅನಿಸುತ್ತಿಲ್ಲ ಅಂತ ಹೇಳುವುದೂ ಪ್ರಾರ್ಥನೆಯೇ.

ಅವತ್ತಿಂದ ಒಂದು ವಹಿ ಇಟ್ಟೆ. ಪುಸ್ತಕದ ಭಾಷೆ ಬಿಟ್ಟು ನಮ್ಮ ಮನೆ ಮಾತಿನಲ್ಲಿ ಬರೆದೆ. "ಪರಲೋಕದ ತಂದೆಯೇ, ಸರ್ವಶಕ್ತನೇ" ಅಂತ ಶುರು ಮಾಡಿದರೆ ನನ್ನ ಬಾಯಿ ತಾನಾಗಿಯೇ ಓಡಿ "ಆಮೆನ್" ಮುಟ್ಟಿಬಿಡುತ್ತಿತ್ತು. "ಯಪ್ಪಾ, ಇವತ್ತೂ ಏನೂ ಅನಸವಲ್ದು. ಆದ್ರ ಬಂದು ಕುಂತೀನಿ" ಅಂತ ಬರೆದ ದಿನ ಬಾಯಿ ಓಡಲಿಲ್ಲ. ನಿಂತಿತು. ನೀವೂ ನಿಮ್ಮ ಅವ್ವನ ಜೊತೆ ಮಾತಾಡುವ ಭಾಷೆಯಲ್ಲಿ ಪ್ರಾರ್ಥಿಸಿ ನೋಡಿ. ಕುಂದಾಪುರದ್ದೋ, ಮೈಸೂರಿನದ್ದೋ, ಯಾವುದಾದರೂ ಸರಿ.

ಮಾರ್ಚ್ ಕೊನೆಗೆ ಧ್ಯಾನಕೂಟ. ಭಾನುವಾರ ಯುಗಾದಿ, ಸೋಮವಾರ ರಂಜಾನ್ ರಜೆ ಇದ್ದಿದ್ದರಿಂದ ಗುರುವಾರ, ಶುಕ್ರವಾರ ಎರಡೇ ದಿನ ರಜೆ ಹಾಕಿದೆ. ಹಬ್ಬದ ಗದ್ದಲದಲ್ಲಿ ವಾಪಸ್ ಬರುವ ಟಿಕೆಟ್ ಮಾತ್ರ ಕೊನೆಯ ದಿನದವರೆಗೂ ವೇಟಿಂಗ್ ಲಿಸ್ಟ್‌ನಲ್ಲೇ ಇತ್ತು. ಹಬ್ಬದ ಸಾಲಿನಲ್ಲಿ ಹೋಗುವವರು ಒಂದು ತಿಂಗಳು ಮೊದಲೇ ಮಾಡಿಸಿ. ಧ್ಯಾನಕೇಂದ್ರದಲ್ಲಿ ನಾಲ್ಕು ದಿನದ ಊಟ, ವಸತಿಗೆ 3,200 ರೂಪಾಯಿ. ರೈಲು, ಆಟೋ ಎಲ್ಲ ಸೇರಿ 1,100.

ಹೋದ ಕೂಡಲೇ ಫೋನ್ ಕವರಿನಲ್ಲಿ ಹಾಕಿ ತೆಗೆದಿಟ್ಟುಕೊಂಡರು. ಊಟದಲ್ಲೂ ಮಾತಿಲ್ಲ. ಮೊದಲ ದಿನ ಮೌನ ಅಂದರೆ ವಿಶ್ರಾಂತಿ ಅಂದುಕೊಂಡಿದ್ದೆ. ಹಾಗಲ್ಲ. ಹೊರಗಿನ ಸದ್ದು ನಿಂತ ಮೇಲೆ ಒಳಗಿನದ್ದು ಶುರುವಾಗುತ್ತದೆ. ಮೂರು ವರ್ಷದ ಹಿಂದಿನ ಒಂದು ಜಗಳ ಮಾತು ಮಾತಿಗೆ ನೆನಪಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಬಸ್ ಹತ್ತಿ ಮನೆಗೆ ಹೋಗಿಬಿಡಬೇಕು ಅನಿಸಿತ್ತು. ಹೋಗುವವರು ಮೊದಲ ರಾತ್ರಿಗೆ ಸಿದ್ಧವಾಗಿರಿ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅದು ಸಡಿಲವಾಗುತ್ತದೆ.

ದಿನಕ್ಕೆ ಅರ್ಧ ಗಂಟೆ ಒಬ್ಬ ಸಿಸ್ಟರ್ ಜೊತೆ ಮಾತಾಡಬಹುದಿತ್ತು. ವಯಸ್ಸಾದವರು, ಮೆತ್ತಗಿನ ದನಿ. ಕ್ವಾಯರ್ ಬಿಟ್ಟುಬಿಡಬೇಕು ಅಂತ ಅಂದುಕೊಂಡಿದ್ದೇನೆ, ಮನಸ್ಸಿಲ್ಲದೆ ಹಾಡುವುದು ಕಪಟ ಅಲ್ವಾ ಅಂತ ಕೇಳಿದೆ. ಅವರು ಲೊಯೋಲದ ಸಂತ ಇಗ್ನೇಷಿಯಸ್ ಕೊಟ್ಟ ಒಂದು ನಿಯಮ ಹೇಳಿದರು. ಮನಸ್ಸು ಬರಡಾಗಿರುವ ಕಾಲದಲ್ಲಿ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡ. 16ನೇ ಶತಮಾನದ ಮಾತು. ನನಗೆ ಅವತ್ತೇ ಹೇಳಿದ ಹಾಗಿತ್ತು. ಮದರ್ ತೆರೇಸಾ ಅವರ ವಿಷಯವನ್ನೂ ಹೇಳಿದರು. ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ ಅವರ ಪತ್ರಗಳು ಹೊರಬಂದಾಗ ಜಗತ್ತಿಗೆ ಗೊತ್ತಾಯಿತು: ಹತ್ತಿರ ಹತ್ತಿರ ಐವತ್ತು ವರ್ಷ ಆ ತಾಯಿಗೆ ಪ್ರಾರ್ಥನೆಯಲ್ಲಿ ಕತ್ತಲೆಯೇ ಇತ್ತು. ಆದರೂ ಪ್ರತಿದಿನ ಎದ್ದು ಪ್ರಾರ್ಥಿಸಿದರು, ಬಡವರ ಗಾಯ ತೊಳೆದರು. ನನ್ನ ಮೂರು ವರ್ಷವನ್ನು ಆ ಐವತ್ತು ವರ್ಷದ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ನಾನು ಎಣಿಸಿರದ ಇನ್ನೊಂದು ಅಡ್ಡಿ ಕ್ಯಾಥೊಲಿಕರ ಆರಾಧನೆಯಾದ ಬಲಿಪೂಜೆಯಲ್ಲಿ ಎದುರಾಯಿತು. ನಾನು ಪ್ರೊಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಕ್ಯಾಥೊಲಿಕರಲ್ಲಿ ಬೇರೆ ಸಭೆಯವರಿಗೆ ಸಾಮಾನ್ಯವಾಗಿ ಪರಮಪ್ರಸಾದ, ಅಂದರೆ ಯೇಸುವಿನ ದೇಹ ಅಂತ ಹಂಚುವ ರೊಟ್ಟಿ, ಕೊಡುವುದಿಲ್ಲ. ಮೊದಲೇ ತಿಳಿಸಿದ್ದರು, ನಾನೂ ಒಪ್ಪಿದ್ದೆ. ಆದರೆ ಶುಕ್ರವಾರ ಎಲ್ಲರೂ ಎದ್ದು ಸಾಲಾಗಿ ಹೋದಾಗ ಬೆಂಚಿನಲ್ಲಿ ನಾನೊಬ್ಬಳೇ ಉಳಿದೆ. ಒಬ್ಬೊಬ್ಬರೂ ಕೈಯೊಡ್ಡಿ ತೆಗೆದುಕೊಂಡು, ಬಾಯಿಗೆ ಹಾಕಿಕೊಂಡು, ತಲೆ ಬಗ್ಗಿಸಿ ವಾಪಸ್ ಬರುತ್ತಿದ್ದರು. ನನ್ನ ಅಂಗೈ ತಾನಾಗಿಯೇ ಮೇಲ್ಮುಖವಾಗಿ ತೆರೆದು ತೊಡೆಯ ಮೇಲಿತ್ತು. ಅದನ್ನು ನೋಡಿಕೊಂಡೆ. ನಮ್ಮ ಸಭೆಯಲ್ಲಿ ಇದೇ ಥರದ ಕರ್ತನ ಭೋಜನ ಎಷ್ಟು ಸಲ ತೆಗೆದುಕೊಂಡಿದ್ದೇನೆ, ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತಾ, ಗಡಿಯಾರ ನೋಡುತ್ತಾ. ಈಗ ಸಿಗದಿದ್ದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ನನಗೆ ಅದು ಬೇಕಾಗಿತ್ತು. ಎಷ್ಟೋ ವರ್ಷಗಳ ನಂತರ ದೇವರಿಂದ ಏನೋ ಒಂದು ನನಗೆ ನಿಜವಾಗಿ ಬೇಕಾಗಿತ್ತು. ಸತ್ತಿದೆ ಅಂದುಕೊಂಡಿದ್ದ ಹಸಿವು ಅಲ್ಲೇ ಇತ್ತು.

ಭಾನುವಾರ, ಮಾರ್ಚ್ 30. ಆ ದಿನಕ್ಕೆ ಗೊತ್ತುಮಾಡಿದ ಪಾಠ ಲೂಕನ ಹದಿನೈದನೇ ಅಧ್ಯಾಯ, ತಪ್ಪಿಹೋದ ಮಗನ ಸಾಮ್ಯ: ತನ್ನ ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿ ವಾಪಸ್ ಬಂದ ಕಿರಿಯ ಮಗನಿಗೆ ತಂದೆ ಔತಣ ಮಾಡುವ ಕಥೆ. ನಾನು ಕಿರಿಯ ಮಗನ ಬಗ್ಗೆ ಕೇಳಲು ಸಿದ್ಧವಾಗಿ ಕೂತಿದ್ದೆ. ಆದರೆ ಕಿವಿಗೆ ಬಿದ್ದಿದ್ದು ಹಿರಿಯವನ ಮಾತು. ಮನೆಯಲ್ಲಿ ಸಂಗೀತ, ಊಟ. ಅವನು ಹೊರಗೆ ನಿಂತಿದ್ದಾನೆ. ಇಷ್ಟು ವರ್ಷ ನಿನ್ನ ಸೇವೆ ಮಾಡಿದ್ದೇನೆ ಅನ್ನುತ್ತಾನೆ. ಒಳಗೆ ಬರಲು ಮನಸ್ಸಿಲ್ಲ, ಯಾಕಂದರೆ ಒಳಗೆ ತಮ್ಮ ಇದ್ದಾನೆ.

ನನಗೂ ಒಬ್ಬ ತಮ್ಮ ಇದ್ದಾನೆ. 2021ರಲ್ಲಿ ಅವ್ವ ಹೋದ ಮೇಲೆ ಬೆಟಗೇರಿ ಮನೆಯ ವಿಷಯಕ್ಕೆ ಮಾತು ಬೆಳೆಯಿತು. ವರ್ಷದ ಪ್ರಾರ್ಥನೆಯ ದಿನವೇ ಅವನು ಒಂದು ಮಾತು ಅಂದ, ನಾನು ಹತ್ತು ಅಂದೆ. ಅಲ್ಲಿಂದ ಮಾತಿಲ್ಲ. ಮೂರು ವರ್ಷ ಪ್ರತಿ ಭಾನುವಾರ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ "ನಮ್ಮ ಸಾಲಗಾರರನ್ನು ಕ್ಷಮಿಸಿರುವಂತೆ" ಅಂತ ಹೇಳಿ ಬರುತ್ತಿದ್ದೆ. ಬೂದಿ ಅಂದರೆ ಇದೇ.

ವಾಪಸ್ ಬಂದ ತಕ್ಷಣ ಹೋಗಲಿಲ್ಲ. ಧೈರ್ಯ ಬರಲು ಎರಡು ವಾರ ಬೇಕಾಯಿತು. ಮೂರು ಸಲ ಫೋನ್ ತೆಗೆದು ಇಟ್ಟೆ. ಕೊನೆಗೆ ಗರಿಗಳ ಭಾನುವಾರದ ಹಿಂದಿನ ದಿನ, ಏಪ್ರಿಲ್ 12, ಹೇಳದೆ ಕೇಳದೆ ಹೊರಟೆ. ಶಕ್ತಿ ಯೋಜನೆಯ ಬಸ್ಸು, ಟಿಕೆಟಿಗೆ ಸೊನ್ನೆ ರೂಪಾಯಿ. ಅಣ್ಣಿಗೇರಿ ದಾಟುವವರೆಗೂ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿದೆ. ಬೆಟಗೇರಿಯಲ್ಲಿ ಇಳಿದು ಓಣಿಗೆ ತಿರುಗಿದಾಗ ಮಗ್ಗದ ಸದ್ದು ಕೇಳಿಸಿತು. ಬಾಯಿಪಾಠ ಎಲ್ಲ ಮರೆತುಹೋಯಿತು.

ಬಾಗಿಲು ತೆರೆದವನು ಅವನೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಹೊಸ್ತಿಲ ಹೊರಗೇ ನಿಂತು, "ತಮ್ಮಾ, ನಾ ಅವತ್ತು ಆಡಿದ ಮಾತು ತಪ್ಪು" ಅಂದೆ. ಅಷ್ಟೇ ಬಂತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬಿಸಲಾಗ ಯಾಕ ನಿಂತೀ ಅಕ್ಕಾ, ಒಳಗ ಬಾ" ಅಂದ.

ಮನೆಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಕಾಗದಪತ್ರ ನೋಡಬೇಕು, ಇನ್ನೂ ಮಾತು ಬರಬಹುದು. ಕ್ಷಮೆ ಕೇಳುವುದು ಬೇರೆ, ಲೆಕ್ಕ ಬಗೆಹರಿಸುವುದು ಬೇರೆ. ಎರಡನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಇನ್ನೊಂದು ಮಾತು: ನಿಮಗೆ ಹೊಡೆದು ಬಡಿದು ಮಾಡಿದವರ ಮನೆಗೆ ಹೀಗೆ ಒಬ್ಬರೇ ಹೋಗಿ ಅಂತ ನಾನು ಹೇಳುತ್ತಿಲ್ಲ. ನಮ್ಮದು ಮಾತಿನ ಜಗಳ, ಅದರಲ್ಲಿ ನನ್ನ ಪಾಲು ದೊಡ್ಡದಿತ್ತು.

ಚಹಾ ಕುಡಿದ ಮೇಲೆ ಅವನು ಅವ್ವನ ಹಾಡಿನ ಪುಸ್ತಕ ತಂದುಕೊಟ್ಟ. ರಟ್ಟು ಕಿತ್ತುಹೋಗಿ ದಾರ ಹಾಕಿ ಹೊಲಿದಿದ್ದಳು. ಹಾಡುಗಳ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಅಕ್ಷರದ ತಾರೀಖುಗಳು. ಅಪ್ಪ ಆಸ್ಪತ್ರೆಯಲ್ಲಿದ್ದ ದಿನ, ನನ್ನ ಹೆರಿಗೆಯ ದಿನ, ತಮ್ಮ ಪರೀಕ್ಷೆಯಲ್ಲಿ ಫೇಲಾದ ದಿನ. ಒಂದು ಹಾಡಿನ ಪಕ್ಕ ಒಂದರ ಕೆಳಗೊಂದು ಏಳು ತಾರೀಖು ಇದ್ದವು. ಅವಳಿಗೂ ಒಣಗಿದ ದಿನಗಳು ಇದ್ದಿರಬೇಕು. ಏಳು ಸಲ ಅದೇ ಹಾಡಿಗೆ ವಾಪಸ್ ಬಂದಿದ್ದಾಳೆ.

ಏಪ್ರಿಲ್ 18, ಶುಭ ಶುಕ್ರವಾರ. ಹನ್ನೆರಡರಿಂದ ಮೂರರವರೆಗೆ ಯೇಸು ಸ್ವಾಮಿ ಶಿಲುಬೆಯ ಮೇಲೆ ಹೇಳಿದ ಏಳು ವಾಕ್ಯಗಳ ಧ್ಯಾನ. ಸೆಖೆ, ಮೇಲೆ ಫ್ಯಾನ್ ತಿರುಗುತ್ತಿದ್ದರೂ ಗಾಳಿ ಇಲ್ಲ. ನಾಲ್ಕನೇ ವಾಕ್ಯಕ್ಕೆ ಬಂದರು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?" ಅದು 22ನೇ ಕೀರ್ತನೆಯ ಮೊದಲ ಸಾಲು. ಎರಡು ವಾರದ ಹಿಂದೆ ಅಡುಗೆಮನೆಯ ಸ್ಟೂಲ್ ಮೇಲೆ ಕೂತು ನಾನೇ ಬಾಯಿಬಿಟ್ಟು ಓದಿದ ಸಾಲು. ನನ್ನ ವಹಿಯಲ್ಲಿ ಬರೆದಿದ್ದ ದೂರನ್ನು ಯೇಸು ಸ್ವಾಮಿಯೇ ನೇತಾಡುತ್ತಾ ಹೇಳುತ್ತಿದ್ದರು. ನನ್ನ ಕತ್ತಲೆಯಲ್ಲಿ ಅವರು ಇರಲಿಲ್ಲ ಅಂದುಕೊಂಡಿದ್ದೆ. ಅವರು ನನಗಿಂತ ಮೊದಲೇ ಅಲ್ಲಿಗೆ ಹೋಗಿದ್ದರು. ಆಮೇಲೆ ಹಾಡು ಬಂತು. ಎರಡು ಸಾಲು ಹಾಡಿದೆ, ಮೂರನೆಯದಕ್ಕೆ ಗಂಟಲು ಕಟ್ಟಿತು. ಸ್ವರ ಬಿಟ್ಟೆ, ತಾಳ ಬಿಟ್ಟೆ. ಪಕ್ಕದಲ್ಲಿದ್ದ ಅಕ್ಕ ನನ್ನ ಭಾಗವನ್ನೂ ಸೇರಿಸಿ ಹಾಡಿದರು.

ಈಸ್ಟರ್ ಭಾನುವಾರ ಕರ್ತನ ಭೋಜನಕ್ಕೆ ಹೋದಾಗ ಕೈ ನಡುಗುತ್ತಿತ್ತು. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಖರ್ಚು ಕೇಳುವವರಿಗೆ: ರಕ್ತ ಪರೀಕ್ಷೆ, ಚಂದಾ ಬಾಕಿ, ಧ್ಯಾನಕೂಟ, ಪ್ರಯಾಣ, ಅರವತ್ತು ರೂಪಾಯಿಯ ವಹಿ, ಎಲ್ಲ ಸೇರಿ 6,910. ಧ್ಯಾನಕೂಟಕ್ಕೆ ಹೋಗಲು ಆಗದವರು ಬೇಜಾರು ಮಾಡಿಕೊಳ್ಳಬೇಡಿ. ಒಂದು ಶನಿವಾರ ಫೋನ್ ಆಫ್ ಮಾಡಿ, ನಿಮ್ಮ ದೇವಾಲಯದ ಕೀಲಿ ಕೇಳಿಕೊಂಡು, ಖಾಲಿ ಬೆಂಚಿನಲ್ಲಿ ಅರ್ಧ ದಿನ ಕೂರಬಹುದು.

ಈಗಲೂ ಎಲ್ಲ ದಿನ ಒಂದೇ ಥರ ಇರುವುದಿಲ್ಲ. ಮೊನ್ನೆ ನಾಲ್ಕು ದಿನ ಮತ್ತೆ ಬರಡು. ಹೆದರಲಿಲ್ಲ. ಎಂಟೂಕಾಲಕ್ಕೆ ಸ್ಟೂಲ್ ಎಳೆದುಕೊಂಡು ಕೂತೆ. ಇವತ್ತು ಬೆಳಿಗ್ಗೆ 63ನೇ ಕೀರ್ತನೆ ಓದಿ, ಅವ್ವನ ಪುಸ್ತಕ ತೆಗೆದು, ಆ ಏಳು ತಾರೀಖಿನ ಹಾಡನ್ನು ಮೆಲ್ಲಗೆ ಹಾಡಿದೆ. ಹಾಡುತ್ತಿರುವಾಗ ತಮ್ಮನ ಫೋನ್ ಬಂತು. ಅವ್ವನ ಹಾರ್ಮೋನಿಯಂ ಪೇಟಿಯ ತಿದಿ ರಿಪೇರಿ ಮಾಡಿಸಿದ್ದಾನಂತೆ, ಮುಂದಿನ ಶನಿವಾರ ಹುಬ್ಬಳ್ಳಿಗೆ ತರುತ್ತಾನಂತೆ. ಫೋನ್ ಇಟ್ಟು, ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದ ಮತ್ತೆ ಹಾಡಿದೆ.